ಅಣ್ಣಪ್ಪನ ಬಾಗಿಲು ಬೀಳಲೇಬೇಕು

ವಸುಧಾಳ ನಾಟಕ ತಂಡಕ್ಕೆ ಈ ವರ್ಷ ಸೇರಿದ ಇಬ್ಬರು ಹುಡುಗಿಯರಿಗೆ ಪ್ರಾಂಪ್ಟರ್ ಕೆಲಸ ಕೊಟ್ಟಿದ್ದಾರೆ. ಹೋದ ವಾರ ಅವರು ರಿಪ್ಪನ್‌ಪೇಟೆಯ ನಮ್ಮ ಮನೆಗೆ ಬಂದು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಹೇಳಿ ಎಂದರು. ಹೇಳತೊಡಗಿದೆ. ಕಾಫಿ ಆಯಿತು, ಊಟ ಆಯಿತು, ಮತ್ತೆ ಕಾಫಿ ಆಯಿತು, ಅವರ ಬಸ್ಸಿನ ಹೊತ್ತೂ ಆಯಿತು. ನಾನಿನ್ನೂ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಇದ್ದೆ. ಉಳಿದದ್ದನ್ನು ಬರೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಆ ಮಾತಿಗೆ ಇದು. ಸನ್ಮಾನ, ಶಾಲು, ಹಣ್ಣಿನ ಬುಟ್ಟಿಗಳ ವಿಷಯ ಇದರಲ್ಲಿಲ್ಲ. ಶಾಲುಗಳು ಬೀರುವಿನಲ್ಲಿವೆ, ಹಣ್ಣು ಆವತ್ತೇ ಮುಗಿದಿದೆ.

ಪ್ರಾಂಪ್ಟರ್ ಎಂದರೆ ನಾಟಕ ನಡೆಯುವಾಗ ಪರದೆಯ ಪಕ್ಕದಲ್ಲಿ ಅಡಗಿ ನಿಂತು, ನಟರು ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುವವರು. ಹೊರಗಿನವರು ಇದನ್ನು ಕೆಲಸವೆಂದು ಒಪ್ಪುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ಒಂದು ಗಂಡಿನ ಕಡೆಯವರು, ಹುಡುಗಿಗೆ ನಾಟಕದಲ್ಲಿ ಯಾವ ಪಾರ್ಟು ಎಂದು ಕೇಳಿದ್ದರು. ನಮ್ಮಮ್ಮ ಹೆಮ್ಮೆಯಿಂದ, ಪಾರ್ಟು ಗೀರ್ಟು ಇಲ್ಲ, ಒಳಗೆ ನಿಂತು ಎಲ್ಲರಿಗೂ ಹೇಳಿಕೊಡುತ್ತಾಳೆ ಎಂದಳು. ಒಳಗೆ ನಿಂತು ಹೇಳಿಕೊಡುವ ಸೊಸೆ ನಮಗೆ ಬೇಡ ಎಂದು ಗಂಡಿನ ತಾಯಿ ಎದ್ದೇಬಿಟ್ಟರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಸಾಗರದ ತಿಮ್ಮಪ್ಪಣ್ಣ. ಮಂಡಳಿಯ ಮಾಲೀಕರೂ ಅವರೇ, ಮುಖ್ಯ ನಟರೂ ಅವರೇ. ಮಳೆಗಾಲ ಮುಗಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಊರೂರು ತಿರುಗಿ ನಗೆನಾಟಕ ಆಡಿಸುತ್ತಿದ್ದರು. ನನ್ನ ಪರೀಕ್ಷೆ ನಡೆದದ್ದು ನಮ್ಮೂರಿನ ಅಕ್ಕಿ ಗಿರಣಿಯಲ್ಲಿ. ಗಿರಣಿ ಓಡುತ್ತಿರುವಾಗ ಅದರ ಪಕ್ಕ ನನ್ನನ್ನು ನಿಲ್ಲಿಸಿ ಪೇಪರ್ ಓದಿಸಿದರು. ನಾನು ಓದಿದ್ದು ಎದುರು ನಿಂತ ಅವರಿಗೆ ಕೇಳಬೇಕು, ಭತ್ತ ತಂದವರಿಗೆ ಕೇಳಬಾರದು. ಅವರಿಗೆ ಕೇಳಿತು. ಭತ್ತ ತಂದವರು, ಈ ಹುಡುಗಿ ಯಾಕೆ ಬಾಯಿ ಆಡಿಸುತ್ತಿದೆ ಎಂದು ಕೇಳಿದರು. ಕೆಲಸ ಸಿಕ್ಕಿತು.

ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಓದುವುದನ್ನಲ್ಲ. ನಟ ಮಾತು ಮರೆತು ಸುಮ್ಮನಿದ್ದಾನೋ, ಅಭಿನಯಕ್ಕಾಗಿ ಸುಮ್ಮನಿದ್ದಾನೋ ಎಂದು ಗುರುತಿಸುವುದನ್ನು. ನನಗೆ ಅದು ಗೊತ್ತಿರಲಿಲ್ಲ. ಆಗ ಆಡುತ್ತಿದ್ದದ್ದು 'ಅಡ್ಡಗಾಲು ಅಣ್ಣಪ್ಪನ ಮದುವೆ'. ಅಣ್ಣಪ್ಪ ಎಲ್ಲದಕ್ಕೂ ಅಡ್ಡಗಾಲು ಹಾಕುವ ಮನುಷ್ಯ. "ತಡೀರಿ, ನಂದೊಂದು ತಕರಾರಿದೆ" ಎನ್ನುತ್ತಲೇ ರಂಗಕ್ಕೆ ಬರುತ್ತಾನೆ. ಪಟೇಲರ ಮನೆಗೆ ಹೆಣ್ಣು ನೋಡಲು ಹೋಗಿ ತನ್ನ ಮದುವೆಗೆ ತಾನೇ ತಕರಾರು ತೆಗೆಯುತ್ತಾನೆ. ಕಡೆಗೆ ಹಾರ ಬದಲಾಗಿ ಮದುವೆ ಆಗುತ್ತದೆ, ಆದರೆ ಅದಕ್ಕೆ ಮೊದಲು ಹುಡುಗಿ ಒಮ್ಮೆ ಒಲ್ಲೆ ಎಂದಾಗ ಮಾತ್ರ ಅವನ ಬಾಯಿ ಕಟ್ಟುತ್ತದೆ. ಅಲ್ಲಿ ತಿಮ್ಮಪ್ಪಣ್ಣ ತಲೆ ತಗ್ಗಿಸಿ ಸುಮ್ಮನೆ ನಿಂತರು. ಮರೆತರು ಎಂದುಕೊಂಡು ನಾನು ಮಾತು ಎತ್ತಿಕೊಟ್ಟೆ. ಅವರು ಅಲ್ಲಾಡಲಿಲ್ಲ. ಸ್ವಲ್ಪ ಜೋರಾಗಿ ಎತ್ತಿಕೊಟ್ಟೆ. ಅವರು ನನ್ನ ಕಡೆ ತಿರುಗಿ, ಸಭೆಗೆಲ್ಲ ಕೇಳುವಂತೆ ಹೇಳಿದರು:

"ಗೊತ್ತು ಮಾರಾಯ್ತಿ. ಸ್ವಲ್ಪ ಬೇಜಾರು ಮಾಡ್ಕಳಕ್ಕಾದ್ರೂ ಬಿಡು."

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಕೆಲಸ ಬಿಡುವುದೆಂದು ತೀರ್ಮಾನಿಸಿದೆ. ಮರುದಿನ ಪಕ್ಕದ ಊರಿನಲ್ಲಿ ಅದೇ ಜಾಗಕ್ಕೆ ನಾಟಕ ಬಂದಾಗ ತುಟಿ ಕಚ್ಚಿ ನಿಂತೆ. ತಿಮ್ಮಪ್ಪಣ್ಣ ತಲೆ ತಗ್ಗಿಸಿ ನಿಂತರು. ಸಭೆಯಿಂದ ಒಬ್ಬರು, ಒಳಗಿನ ಹೆಂಗಸು ಯಾಕೆ ಇನ್ನೂ ಹೇಳಲಿಲ್ಲ ಎಂದು ಕೇಳಿದರು. ಅವರ ನೆಂಟರು ಹಿಂದಿನ ದಿನದ ಆಟ ನೋಡಿ ಬಂದು ಹೇಳಿದ್ದರಂತೆ. ಅಲ್ಲಿಂದಾಚೆ ನಾನು ಪ್ರತಿ ಆಟದಲ್ಲೂ ಆ ತಪ್ಪನ್ನು ತಪ್ಪದೆ ಮಾಡಬೇಕಾಯಿತು. ನಾಟಕ ಬರೆಯುತ್ತಿದ್ದ ಹೆಗಡೆ ಮಾಸ್ತರು ಅದನ್ನು ನಾಟಕದ ಹಸ್ತಪ್ರತಿಯಲ್ಲಿ ಸೇರಿಸಿಯೇಬಿಟ್ಟರು.

ಮದುವೆ ನಾಟಕ ಗೆದ್ದ ಮೇಲೆ ಅಣ್ಣಪ್ಪ ನಮ್ಮನ್ನು ಬಿಡಲಿಲ್ಲ. 'ಅಣ್ಣಪ್ಪ ಕೋರ್ಟಿಗೆ', 'ಅಣ್ಣಪ್ಪ ಕಾಶಿಗೆ', 'ಅಣ್ಣಪ್ಪ ಚುನಾವಣೆಗೆ' ಎಂದು ವರ್ಷಕ್ಕೊಂದು ಬಂತು. ಮಳೆ ಹಿಡಿದ ಕೂಡಲೇ ಮಾಸ್ತರು ಬರೆಯಲು ಕೂರಬೇಕು, ಮಳೆ ಬಿಡುವಷ್ಟರಲ್ಲಿ ಮುಗಿಸಬೇಕು. ತಿಮ್ಮಪ್ಪಣ್ಣ ಅವರಿಗೆ ಕೊಡುತ್ತಿದ್ದ ಸೂಚನೆ ಒಂದೇ: ಹೊಸದು ಬೇಕು, ಆದರೆ ಬೇರೆ ಆಗಬಾರದು. ಮಾಸ್ತರು ಅಣ್ಣಪ್ಪನನ್ನು ಕಾಶಿಗೆ ಕಳಿಸಿದರೆ ಅಲ್ಲೂ ಒಬ್ಬ ಪಟೇಲ ಬೇಕು, ಅಲ್ಲೂ ಹೆಣ್ಣು ಒಲ್ಲೆ ಎನ್ನಬೇಕು. ಒಂದು ವರ್ಷ ಅವರು ಅಣ್ಣಪ್ಪನನ್ನು ಒಳ್ಳೆಯವನನ್ನಾಗಿ ಮಾಡಿ ನೋಡಿದರು. ಅವನು ಯಾವುದಕ್ಕೂ ತಕರಾರು ತೆಗೆಯದಿದ್ದುದರಿಂದ ನಾಟಕ ಅರ್ಧಕ್ಕೇ ಮುಗಿದುಹೋಯಿತು.

ಕಡೆಗೆ ಮಾಸ್ತರಿಗೆ ಸಾಕಾಯಿತು. ಆ ವರ್ಷದ ಪ್ರತಿ ತಂದು ಮೇಜಿನ ಮೇಲಿಟ್ಟು, "ನನ್ನ ಕೈಲಿ ಇನ್ನಾಗ್ತಿಲ್ಲೆ ತಿಮ್ಮಪ್ಪ. ಅಂವ ಸತ್ರೆ ನಾ ಬದುಕ್ತಿ" ಎಂದರು. ಕೊನೆಯ ಅಂಕದಲ್ಲಿ ಅಣ್ಣಪ್ಪ ಸಾಯುತ್ತಿದ್ದ. ತಿಮ್ಮಪ್ಪಣ್ಣ ಓದಿ ಬೇಡವೆನ್ನಬಹುದು ಎಂದು ನಾವು ಕಾದೆವು. ಅವರು ಒಪ್ಪಿದರು. ಅವರಿಗೂ ಸಾಕಾಗಿತ್ತು. ಅದಕ್ಕೂ ಹಿಂದೆ ಒಮ್ಮೆ ಪುರಾಣದ ರಾಜನ ಪಾತ್ರ ಮಾಡಲು ಹೋಗಿದ್ದರು. ಕಿರೀಟ ಹಾಕಿಕೊಂಡು ಬಂದು ನಿಂತ ಕೂಡಲೇ ಸಭೆಯಿಡೀ "ತಡೀರಿ" ಎಂದು ಕೂಗಿತ್ತು.

ಅಣ್ಣಪ್ಪ ಸತ್ತದ್ದು ಹೊಸನಗರದಲ್ಲಿ. ತಿಮ್ಮಪ್ಪಣ್ಣ ಬಹಳ ಚೆನ್ನಾಗಿ ಸತ್ತರು. ಪರದೆ ಬಿತ್ತು, ದೀಪ ಹಾಕಿದೆವು. ಯಾರೂ ಏಳಲಿಲ್ಲ. ಪರದೆ ಎತ್ತಿ ಕೈಮುಗಿದೆವು. ಅಣ್ಣಪ್ಪ ಕೈಮುಗಿಯಲಿಲ್ಲ, ಏಕೆಂದರೆ ಅವನು ಸತ್ತಿದ್ದ. ಆಗಲೂ ಯಾರೂ ಏಳಲಿಲ್ಲ. ಅವನನ್ನು ಎಬ್ಬಿಸುವವರೆಗೆ ನಾವೂ ಏಳುವುದಿಲ್ಲ ಎಂದು ಮುಂದಿನ ಸಾಲಿನವರು ಶಾಂತವಾಗಿ ತಿಳಿಸಿದರು. ಬಂದೋಬಸ್ತಿಗೆ ಬಂದಿದ್ದ ಪೊಲೀಸಿನವರು ಒಳಬಂದು, ಇಷ್ಟು ಜನರನ್ನು ಎಬ್ಬಿಸುವುದಕ್ಕಿಂತ ಅವರೊಬ್ಬರನ್ನು ಎಬ್ಬಿಸುವುದು ಸುಲಭ ಅಲ್ಲವೇ ಅಮ್ಮ ಎಂದು ನನ್ನನ್ನು ಕೇಳಿದರು. ಚಟ್ಟದ ಮೇಲಿದ್ದ ತಿಮ್ಮಪ್ಪಣ್ಣ ಕಣ್ಣು ಮುಚ್ಚಿಕೊಂಡೇ ತುಟಿಯಂಚಿನಲ್ಲಿ ಕೇಳಿದರು:

"ಸರೋಜಾ, ಎಂತ ಮಾಡದು ಈಗ?"

ನನ್ನ ಕೈಯಲ್ಲಿದ್ದ ಪ್ರತಿಯಲ್ಲಿ ಮುಂದಕ್ಕೆ ಮಾತೇ ಇರಲಿಲ್ಲ. ಮಂಗಳಗೀತೆ ಮಾತ್ರ ಇತ್ತು. ಬೇರೆ ದಾರಿ ಕಾಣದೆ ಮೊದಲನೇ ನಾಟಕದ ಮೊದಲನೇ ಮಾತು ಎತ್ತಿಕೊಟ್ಟೆ. ಹೊರುವವರು ಚಟ್ಟಕ್ಕೆ ಕೈ ಹಚ್ಚುತ್ತಿದ್ದ ಹಾಗೆ ಹೆಣ ಎದ್ದು ಕೂತು, "ತಡೀರಿ, ನಂದೊಂದು ತಕರಾರಿದೆ" ಎಂದಿತು. ಆವತ್ತಿನ ಕೂಗು, ಸಿಳ್ಳೆ ನಾನು ಮತ್ತೆ ಕೇಳಿಲ್ಲ. ಅಲ್ಲಿಗೂ ಬಿಡದೆ ಮದುವೆ ನಾಟಕವನ್ನು ಮೊದಲಿನಿಂದ ಆಡಿಸಿಕೊಂಡೇ ಎದ್ದರು.

ಮುಂದಿನ ವರ್ಷ ಅಣ್ಣಪ್ಪ ಹೇಗೆ ಬದುಕಿದ ಎಂದು ಯಾರೂ ಕೇಳಲಿಲ್ಲ, ಒಬ್ಬರನ್ನು ಬಿಟ್ಟು. ಹೊಸನಗರ ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮಪ್ಪಣ್ಣ ಬಾಳೆಹಣ್ಣು ಕೊಳ್ಳುತ್ತಿದ್ದಾಗ ಒಬ್ಬ ಅಜ್ಜಿ ಎದುರು ಬಂದು ನಿಂತರು. ಆವತ್ತು ಕಡೇ ಬಸ್ಸು ತಪ್ಪೀತೆಂದು ಅವರು ಅಣ್ಣಪ್ಪ ಸತ್ತ ಕೂಡಲೇ ಎದ್ದು ಹೋಗಿದ್ದರು. "ಸತ್ತಿದ್ದು ಸುಳ್ಳಾ ಹಂಗಾರೆ? ನಾ ಮನೆಗೆ ಹೋಗಿ ತಣ್ಣೀರಲ್ಲಿ ಮಿಂದಿದ್ದೆ" ಎಂದರು. ತಿಮ್ಮಪ್ಪಣ್ಣ ಕೈಮುಗಿದು ಕ್ಷಮೆ ಕೇಳಿದರು. ಆ ಚಳಿಯಲ್ಲಿ ಮಿಂದದ್ದಕ್ಕೆ ಕ್ಷಮೆ ಸಾಲದು ಎಂದು ಅಜ್ಜಿ ಅರ್ಧ ಡಜನ್ ಬಾಳೆಹಣ್ಣು ತೆಗೆದುಕೊಂಡು ಹೋದರು.

ಅವಘಡಗಳ ಮಾತು ಬಂತು, ಮೂರನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ವರ್ಷ ಹೊಸನಗರದಲ್ಲಿ ಪಟೇಲರ ಮನೆಯ ಬಾಗಿಲನ್ನು ಅಣ್ಣಪ್ಪ ತಟ್ಟಿದಾಗ ಬಾಗಿಲು ಚೌಕಟ್ಟಿನ ಸಮೇತ ಅವನ ಮೇಲೇ ಬಿತ್ತು. ಕದ ತೆರೆದುಕೊಂಡಿದ್ದರಿಂದ ತಿಮ್ಮಪ್ಪಣ್ಣ ಚೌಕಟ್ಟಿನ ನಡುವೆ ನಿಂತುಕೊಂಡು, ಪಟೇಲರೇ ನಿಮ್ಮ ಮನೆ ಬಾಗಿಲು ನನಗೆ ಸದಾ ತೆರೆದಿದೆ ಅಂತ ತಿಳ್ಕೊಳ್ಳಲಾ ಎಂದರು. ಇನ್ನೊಮ್ಮೆ ರಿಪ್ಪನ್‌ಪೇಟೆಯಲ್ಲಿ ಯಾರದೋ ಆಡು ರಂಗದ ಮೇಲೆ ಹತ್ತಿ ಮದುಮಗನ ಹಾರ ತಿಂದಿತು. ಮತ್ತೊಮ್ಮೆ ತೀರ್ಥಹಳ್ಳಿಯಲ್ಲಿ ಹಾರ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕರೆಂಟು ಬಂದಾಗ ಮದುಮಗಳು ಹಾಕಿದ್ದ ಹಾರ ಅವಳ ಅಪ್ಪ ಪಟೇಲರ ಕೊರಳಲ್ಲಿತ್ತು. ಇವೆಲ್ಲ ಬೇರೆ ಬೇರೆ ವರ್ಷ, ಬೇರೆ ಬೇರೆ ಊರಿನಲ್ಲಿ ಒಂದೊಂದು ಸಲ ಆದ ಎಡವಟ್ಟುಗಳು. ನೋಡಿದವರು ಮಾತ್ರ ಇವು ನಾಟಕದಲ್ಲೇ ಇವೆ ಎಂದು ನಂಬಿದ್ದರು.

ಆಮೇಲೆ ಮನೆಮನೆಗೆ ಟಿವಿ ಬಂತು, ತಿಮ್ಮಪ್ಪಣ್ಣನ ಮಂಡಿ ನೋವು ಹೆಚ್ಚಿತು, ಮಾಸ್ತರು ತೀರಿಕೊಂಡರು. ಮಂಡಳಿ ನಿಂತಿತು. ನಾನು ಊರಿಗೆ ಮರಳಿ ಹೊಲಿಗೆ ಮಿಷನ್ ಇಟ್ಟುಕೊಂಡೆ. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಬಾಗಿಲು ಬಿದ್ದ ದಿನ ಯಾರೋ ಮಾಡಿದ್ದ ಮಸುಕು ವಿಡಿಯೋ ಈಚೆಗೆ ಎಲ್ಲರ ಮೊಬೈಲಿಗೆ ಬಂತು. ಅದನ್ನು ನೋಡಿ ಹೊಸನಗರದಲ್ಲಿ ಅಣ್ಣಪ್ಪನ ಅಭಿಮಾನಿ ಬಳಗ ಹುಟ್ಟಿತು. ಹಾರ್ಡ್‌ವೇರ್ ಅಂಗಡಿಯ ಗಣಪತಿ ಅದರ ಅಧ್ಯಕ್ಷರಾದರು. ತಿಮ್ಮಪ್ಪಣ್ಣನ ಮಗಳು ವಸುಧಾ ಸಾಗರದಲ್ಲಿ ಹೈಸ್ಕೂಲ್ ಟೀಚರ್, ರಂಗ ತರಬೇತಿ ಪಡೆದವಳು. ಶಾಲೆಗೆ ರಜೆ ಹಾಕಿ ಮದುವೆ ನಾಟಕವನ್ನು ಮತ್ತೆ ಎತ್ತುತ್ತೇನೆ ಎಂದಳು. ಅಣ್ಣಪ್ಪನ ಪಾತ್ರಕ್ಕೆ ಪ್ರದೀಪ ಎಂಬ ಹುಡುಗನನ್ನು ಆರಿಸಿದಳು. ಅವನು ಸಾಗರ–ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್. ನನ್ನನ್ನು ಹೊಲಿಗೆ ಮಿಷನ್ನಿನಿಂದ ಎಬ್ಬಿಸಿಕೊಂಡು ಹೋದಳು.

ತಿಮ್ಮಪ್ಪಣ್ಣನಿಗೆ ಇದು ಹಿಡಿಸಲಿಲ್ಲ. ನಾನಿನ್ನೂ ಬದುಕಿರುವಾಗಲೇ ಇನ್ನೊಬ್ಬ ಅಣ್ಣಪ್ಪನೇ ಎಂದು ಮಗಳ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಜಗಲಿ. ತಾಲೀಮಿನ ದಿನಗಳಲ್ಲಿ ನಾನು ಅಲ್ಲೇ ಉಳಿಯುತ್ತಿದ್ದೆ. ಅಪ್ಪಯ್ಯನಿಗೆ ಇನ್ನೊಂದು ದೋಸೆ ಬೇಕೇ ಕೇಳಿ ಸರೋಜಕ್ಕ ಎಂದು ಅವಳು ನನಗೆ ಹೇಳುವಳು. ಬೇಡ ಅಂತ ಹೇಳು ಎಂದು ಅವರು ನನಗೆ ಹೇಳುವರು. ಇಬ್ಬರಿಗೂ ಎಲ್ಲವೂ ಕೇಳುತ್ತಿತ್ತು. ಆದರೂ ನಾನು ಹೇಳುವವರೆಗೆ ದೋಸೆ ಕಾವಲಿಯಿಂದ ಏಳುತ್ತಿರಲಿಲ್ಲ.

ಹೊಸ ಕಾಲಕ್ಕೆ ಹೊಸ ಅಣ್ಣಪ್ಪ ಬೇಕು ಎಂಬುದು ವಸುಧಾಳ ಹಟ. ನಮ್ಮೊಳಗೆಲ್ಲ ಒಬ್ಬ ಅಣ್ಣಪ್ಪ ಇದ್ದಾನೆ ಎಂದು ತೋರಿಸಲು ಸಾಗರದ ಆಟದಲ್ಲಿ ಐದು ಜನ ಅಣ್ಣಪ್ಪಂದಿರನ್ನು ಇಟ್ಟಳು. ಐವರಿಗೂ ಕಪ್ಪು ಬಟ್ಟೆ. ಪರದೆ ಇಲ್ಲ, ಬಾಗಿಲು ಇಲ್ಲ, ಪಟೇಲರು ಒಂದು ದನಿ ಮಾತ್ರ. ನನ್ನ ಪಾಡು ಕೇಳಬೇಡಿ. ಒಬ್ಬ ಮಾತು ಮರೆತಾಗ ಎತ್ತಿಕೊಟ್ಟರೆ ಐವರೂ ಒಟ್ಟಿಗೆ ಹೇಳುತ್ತಿದ್ದರು. ಇಬ್ಬರು ಅದಾಗಲೇ ಹೇಳಿಯಾಗಿದ್ದರಿಂದ ಎರಡನೇ ಸಲ ಹೇಳುತ್ತಿದ್ದರು. ಅದು ಪುನರುಕ್ತಿಯ ಪ್ರಯೋಗ ಎಂದು ಸಭೆ ತಿಳಿಯಿತು.

ಸಾಗರದ ಜನ ಒಳ್ಳೊಳ್ಳೆಯ ನಾಟಕ ನೋಡಿದವರು. ಉಸಿರು ಬಿಗಿಹಿಡಿದು ನೋಡಿದರು. ಯಾರಾದರೂ ನಗುತ್ತಾರೆಂದು ನಾನು ಕಾದೆ. ಮುಂದಿನ ಸಾಲಿನಲ್ಲಿ ಒಬ್ಬರು ನಗು ಬಂದು ಕರವಸ್ತ್ರ ಬಾಯಿಗಿಟ್ಟುಕೊಂಡರು, ಪಕ್ಕದವರು ಅವರನ್ನು ತಿರುಗಿ ನೋಡಿದರು. ಆಟ ಮುಗಿದ ಮೇಲೆ ಸಂವಾದ ನಡೆಯಿತು, ಅದು ನಾಟಕಕ್ಕಿಂತ ಉದ್ದವಾಯಿತು. ಮೂಲೆಯಲ್ಲಿದ್ದ ಖಾಲಿ ಕುರ್ಚಿ ಅಧಿಕಾರದ ಸಂಕೇತವೇ, ಅನುಪಸ್ಥಿತಿಯ ಸಂಕೇತವೇ ಎಂದು ಚರ್ಚೆಯಾಯಿತು. ಅದು ಶಾಮಿಯಾನದವರು ಬಲ್ಬು ಕಟ್ಟಲು ಹತ್ತಿ ಮರೆತುಹೋದ ಕುರ್ಚಿ.

ಬಣ್ಣ ತೊಳೆಯುವ ಕೋಣೆಯಲ್ಲಿ ವಸುಧಾ ಗೋಡೆಗೊರಗಿ ಕೂತಿದ್ದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರಲ್ಲ ಎಂದು ಸಮಾಧಾನ ಹೇಳಿದೆ.

"ಅದೇ ಸರೋಜಕ್ಕ. ನಗೆನಾಟಕಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಒಬ್ರೂ ನಗ್ಲಿಲ್ಲ."

ಹೊಸನಗರದ ಗಣಪತಿ ಆ ಆಟ ನೋಡಿ ಹೋಗಿದ್ದರು. ಮರುದಿನ ಫೋನ್ ಮಾಡಿ, ನಮ್ಮೂರಲ್ಲಿ ಆಟ ಬೇಕಾದರೆ ಅಣ್ಣಪ್ಪ ಒಬ್ಬನೇ ಇರಬೇಕು, ಬಣ್ಣದ ಬಟ್ಟೆ ಹಾಕಿರಬೇಕು, ಒಂದಕ್ಷರವೂ ಹೆಚ್ಚುಕಮ್ಮಿ ಆಗಬಾರದು ಎಂದರು. ವಸುಧಾ ಸೋತಿದ್ದಳು, ಒಪ್ಪಿದಳು. ಹಳೆಯ ಪರದೆಯಂಥದೇ ಪರದೆ ಬರೆಸಿದೆವು. ಪ್ರದೀಪನಿಗೆ ತಿಮ್ಮಪ್ಪಣ್ಣನ ನಡಿಗೆ, ಕತ್ತು ಓರೆ ಮಾಡುವ ರೀತಿ, ಮಾತಿನ ನಡುವೆ ಬರುವ ಕೆಮ್ಮು ಎಲ್ಲವನ್ನೂ ಆ ವಿಡಿಯೋ ನೋಡಿ ಕಲಿಸಿದೆವು. ಪಾಪ, ಹುಡುಗ ಬಸ್ಸಿನಲ್ಲಿ ಟಿಕೆಟ್ ಕೊಡುವಾಗಲೂ ಕೆಮ್ಮು ಅಭ್ಯಾಸ ಮಾಡಿ, ಪ್ರಯಾಣಿಕರು ಮಾಸ್ಕ್ ಹಾಕಿಕೊಳ್ಳುವಂತಾಯಿತು.

ಹೊಸನಗರದಲ್ಲಿ ಜನ ಕಿಕ್ಕಿರಿದಿದ್ದರು. ಪ್ರದೀಪನ ಮೊದಲ ಕೆಮ್ಮಿಗೇ ಚಪ್ಪಾಳೆ ಬಿತ್ತು. ನಾನು ನನ್ನ ಹಳೆಯ ತಪ್ಪನ್ನು ಸಮಯಕ್ಕೆ ಸರಿಯಾಗಿ ಮಾಡಿದೆ, ಅದಕ್ಕೂ ಬಿತ್ತು. ನಾಟಕ ಮುಂದೆ ಸಾಗಿತು. ಹುಡುಗಿಯನ್ನು ಒಪ್ಪಿಸಲು ಅಣ್ಣಪ್ಪ ಪಟೇಲರ ಮನೆಗೆ ಮತ್ತೆ ಬಂದು ಬಾಗಿಲು ತಟ್ಟಿದ. ಬಾಗಿಲು ತೆರೆಯಿತು. ಅವನು ಒಳಗೆ ಹೋದ.

ಗಣಪತಿ ಎದ್ದು ನಿಂತು ನಾಟಕ ನಿಲ್ಲಿಸಿದರು. ಬಾಗಿಲು ಬೀಳಲಿಲ್ಲ ಎಂಬುದು ಅವರ ತಕರಾರು. ರಿಪ್ಪನ್‌ಪೇಟೆಯಿಂದ ಬಂದವರು, ಬಾಗಿಲು ಬೀಳುವುದು ನಾಟಕದಲ್ಲಿಲ್ಲ, ಆಡು ಬರಬೇಕಿತ್ತು ಎಂದರು. ಹಿಂದಿನಿಂದ ಒಬ್ಬರು, ತೀರ್ಥಹಳ್ಳಿಯಲ್ಲಿ ತಾವು ಕಣ್ಣಾರೆ ನೋಡಿದ್ದಾಗಿಯೂ, ನಿಜವಾದ ನಾಟಕದಲ್ಲಿ ಕರೆಂಟು ಹೋಗುತ್ತದೆಂದೂ ಹೇಳಿದರು. ವಾದ ಬೆಳೆಯಿತು. ನಟರು ರಂಗದ ಮೇಲೆ ನಿಂತೇ ಇದ್ದರು. ಮದುಮಗಳ ಪಾತ್ರದವಳು ಸಾಕಾಗಿ ಪಟೇಲರ ಕುರ್ಚಿಯಲ್ಲಿ ಕೂತಳು. ಕಡೆಗೆ ಸಭೆ ಒಮ್ಮತಕ್ಕೆ ಬಂತು. ಮುಂದಿನ ಆಟದಲ್ಲಿ ಮೂರೂ ಇರಬೇಕು.

ಮುಂದಿನ ಆಟ ತೀರ್ಥಹಳ್ಳಿಯಲ್ಲಿತ್ತು. ಅದೂ ಕೆಟ್ಟರೆ ತಂಡ ವಿಸರ್ಜಿಸಿ ಶಾಲೆಗೆ ಮರಳುತ್ತೇನೆ ಎಂದು ವಸುಧಾ ಹೇಳಿಬಿಟ್ಟಳು. ನಟರೆಲ್ಲ ಬೇರೆ ಬೇರೆ ಕೆಲಸ ಬಿಟ್ಟು ಬರುತ್ತಿದ್ದವರು. ಅಭಿಮಾನಿ ಬಳಗದವರು ತೀರ್ಥಹಳ್ಳಿ ಪೇಟೆಯಲ್ಲಿ ಬ್ಯಾನರ್ ಕಟ್ಟಿದರು: 'ಅಂದು ಇದ್ದಂತೆಯೇ ಇಂದು! ಬಾಗಿಲು ಬೀಳುವುದು, ಆಡು ಬರುವುದು, ಕರೆಂಟು ಹೋಗುವುದು. ತಪ್ಪದೇ ಬನ್ನಿ.'

ಅವಘಡಗಳ ತಾಲೀಮು ಶುರುವಾಯಿತು. ಬೀಳುವ ಬಾಗಿಲು ಮಾಡಿಕೊಡಿ ಎಂದರೆ ಬಡಗಿ ಆಚಾರ್ಯರಿಗೆ ಅವಮಾನವಾಯಿತು. ತನ್ನ ಕೈಯಲ್ಲಿ ಈವರೆಗೆ ಅಂಥ ಕೆಲಸ ಆಗಿಲ್ಲ ಎಂದರು. ಬಹಳ ಬೇಡಿಕೊಂಡ ಮೇಲೆ ಸಡಿಲವಾಗಿ ನಿಲ್ಲಿಸಿದರು, ಆಮೇಲೆ ಮನಸ್ಸು ತಡೆಯದೆ ನಮಗೆ ಹೇಳದೆಯೇ ಎರಡು ಮೊಳೆ ಹೆಚ್ಚಿಗೆ ಹೊಡೆದು ಹೋದರು. ಆಡನ್ನು ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನಿಂದ ತಂದೆವು. ಅದಕ್ಕೆ ತಾಲೀಮಿನಲ್ಲಿ ದಿನಾ ಹಾರ ತಿನ್ನಿಸಿದ್ದರಿಂದ ಹಾರ ಕಂಡರೆ ಮುಖ ತಿರುಗಿಸತೊಡಗಿತು. ಕರೆಂಟು ತೆಗೆಯಲು ಲೈನ್‌ಮನ್ ಒಪ್ಪಲಿಲ್ಲ. "ಅದು ಅದಾಗೇ ಹೋಗ್ಬೇಕು ಅಮ್ಮ. ಕೇಳಿದಾಗ ತೆಗೆದ್ರೆ ಜನ ನಮ್ಮ ಮೇಲಿನ ನಂಬಿಕೆ ಕಳ್ಕಳ್ತಾರೆ" ಎಂದರು. ನಮ್ಮದೇ ಮೇನ್ ಸ್ವಿಚ್ ಆರಿಸುವುದೆಂದಾಯಿತು.

ಆಟದ ದಿನ ಬೆಳಿಗ್ಗೆ ತಿಮ್ಮಪ್ಪಣ್ಣ ಪಂಚೆ ಉಟ್ಟು ಜಗಲಿಗೆ ಬಂದು, ತಾನೂ ಬರುವುದಾಗಿ ನನಗೆ ಹೇಳಿದರು. ನಾಟಕ ಎಷ್ಟು ಕೆಟ್ಟಿದೆ ಎಂದು ನೋಡುವುದಕ್ಕೆ ಎಂದೂ ಸೇರಿಸಿದರು. ನಾನು ಮೊದಲನೆಯದನ್ನು ಮಾತ್ರ ವಸುಧಾಳಿಗೆ ದಾಟಿಸಿದೆ. ಎರಡನೆಯದು ಅವಳಿಗೆ ಕೇಳಿಯಾಗಿತ್ತು.

ಸಭಾಭವನ ತುಂಬಿತ್ತು. ತಿಮ್ಮಪ್ಪಣ್ಣ ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತರು. ಅಣ್ಣಪ್ಪ ಬಂದು ಬಾಗಿಲು ತಟ್ಟಿದ. ಬೀಳಲಿಲ್ಲ. ಜೋರಾಗಿ ತಟ್ಟಿದ, ಒದ್ದ. ಬೀಳಲಿಲ್ಲ. ಗಣಪತಿ ಮತ್ತು ಬಳಗದ ಇಬ್ಬರು ರಂಗಕ್ಕೆ ಹತ್ತಿ ಹಿಂದಿನಿಂದ ತಳ್ಳಿದರು. ಅದು ಅಲುಗಲಿಲ್ಲ. ಆಡನ್ನು ಬಿಟ್ಟೆವು. ಅದು ರಂಗದ ನಡುವೆ ಬಂದು, ದೀಪದ ಬಿಸಿ ಹಿತವಾಗಿದ್ದುದರಿಂದ ಮಲಗಿ ನಿದ್ದೆ ಹೋಯಿತು. ಹಾರ ಹಾಕುವ ಹೊತ್ತಿಗೆ ಮೇನ್ ಸ್ವಿಚ್ ಆರಿಸಿದೆವು. ಕತ್ತಲಾದ ಮರುಕ್ಷಣವೇ ಸಭಾಭವನದ ಹೊಸ ಜನರೇಟರ್ ತಾನಾಗಿಯೇ ಶುರುವಾಗಿ, ಮೊದಲಿಗಿಂತ ಹೆಚ್ಚು ಬೆಳಕಾಯಿತು.

ಸಭೆ ಗುಲ್ಲೆದ್ದಿತು. ಎಲ್ಲ ಸುಳ್ಳು ಎಂದು ಯಾರೋ ಕೂಗಿದರು. ಪ್ರದೀಪ ಹಾರ ಹಿಡಿದು ನಿಂತವನು ನಿಂತೇ ಇದ್ದ. ಅಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಅದು ಅಭಿನಯದ ಮೌನವಾಗಿರಲಿಲ್ಲ. ಅವನ ತಲೆಯಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ವಸುಧಾ ನನ್ನ ತೋಳು ಹಿಡಿದುಕೊಂಡಳು. ನಾನು ಮಾತು ಎತ್ತಿಕೊಟ್ಟೆ. ಗಲಾಟೆಯಲ್ಲಿ ಅವನಿಗೆ ಕೇಳಲಿಲ್ಲ. ಇನ್ನೂ ಜೋರಾಗಿ, ಕಡೆಗೆ ಗಿರಣಿಯಲ್ಲೂ ಎತ್ತದಿದ್ದ ದನಿಯಲ್ಲಿ, "ತಡೀರಿ, ನಂದೊಂದು ತಕರಾರಿದೆ" ಎಂದೆ. ಸಭೆಗೆಲ್ಲ ಕೇಳಿ ಗುಲ್ಲು ನಿಂತಿತು.

ಪ್ರದೀಪ ಹಾರ ಕೆಳಗಿಟ್ಟ. "ನಿಜವಾಗ್ಲೂ ನಂದೊಂದು ತಕರಾರಿದೆ" ಎಂದ. "ನನಗೆ ಕೆಮ್ಮಿಲ್ಲ. ನಾನಿನ್ನು ಕೆಮ್ಮಲ್ಲ."

ಮುಂದಿನ ಸಾಲಿನಲ್ಲಿ ತಿಮ್ಮಪ್ಪಣ್ಣ ಕೋಲೂರಿ ಎದ್ದರು. "ಕೆಮ್ಮು ಅಣ್ಣಪ್ಪಂದಲ್ಲ ಮಾರಾಯ, ನಂದು. ಬೀಡಿ ಸೇದಿ ಬಂದಿದ್ದು. ನೀ ಎಂತಕ್ಕೆ ಕೆಮ್ತೀಯ?" ಎನ್ನುತ್ತ ಮೆಟ್ಟಿಲ ಕಡೆ ನಡೆದರು.

ಹಳೆಯ ಅಣ್ಣಪ್ಪ ರಂಗಕ್ಕೆ ಬರುತ್ತಿದ್ದಾನೆಂದು ಜನ ಸಿಳ್ಳೆ ಹಾಕಿದರು. ಪಟೇಲರ ಪಾತ್ರದವನು ಗೌರವದಿಂದ ಎದ್ದು ಕುರ್ಚಿ ಬಿಟ್ಟುಕೊಟ್ಟ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ತಿಮ್ಮಪ್ಪಣ್ಣ ಆ ಕುರ್ಚಿಯಲ್ಲಿ ಕೂತರು. ಕೂತ ಮೇಲೆ ಅವರಿಗೆ ತಾನೆಲ್ಲಿ ಕೂತಿದ್ದೇನೆಂದು ಗೊತ್ತಾಯಿತೆಂದು ಕಾಣುತ್ತದೆ. ಬೆನ್ನು ನೆಟ್ಟಗೆ ಮಾಡಿದರು. ಕೋಲನ್ನು ಎದುರಿಗೆ ಊರಿ, ಪ್ರದೀಪನನ್ನು ಮೇಲಿನಿಂದ ಕೆಳಗೆ ನೋಡಿ, ಹೆಣ್ಣು ನೋಡುವ ದೃಶ್ಯವನ್ನು ಮೊದಲಿನಿಂದ ಶುರುಮಾಡುವವರಂತೆ ಪಟೇಲರ ಗತ್ತಿನಲ್ಲಿ ಕೇಳಿದರು:

"ಯಾವ ಬಸ್ಸಿಗೆ ಬಂದಿದ್ದು ನೀವು?"

ಈ ಮಾತು ಪ್ರತಿಯಲ್ಲಿರಲಿಲ್ಲ. ಆದರೆ ಬಸ್ಸಿನ ವಿಷಯ ಕೇಳಿದರೆ ಪ್ರದೀಪ ತಡವರಿಸುತ್ತಾನೆಯೇ? ಬೆಳಗಿನ ಬಸ್ಸಿಗೆ ಬಂದೆ, ಆದರೆ ಆ ಬಸ್ಸಿನ ಮೇಲೆ ತನ್ನದೊಂದು ತಕರಾರಿದೆ ಎಂದು ಶುರುಮಾಡಿದ. ಕಿಟಕಿ ತೆಗೆಯಲು ಒಪ್ಪದ ಅಜ್ಜ, ಮುಚ್ಚಲು ಒಪ್ಪದ ಅಜ್ಜಿ, ಒಳಗೆ ಜಾಗವಿದ್ದರೂ ಬಾಗಿಲಲ್ಲೇ ನಿಲ್ಲುವವರು, ಹೆಣ್ಣು ನೋಡಲು ಹೋಗುವವನಿಗೂ ಪೂರ್ತಿ ಟಿಕೆಟ್ ಹರಿಯುವ ಕಂಡಕ್ಟರ್, ಎಲ್ಲರ ಮೇಲೂ ಅವನಿಗೆ ತಕರಾರು. ಪಟೇಲರು ಬಿಟ್ಟರೇ? ಬಸ್ಸಿನಲ್ಲಿ ಇಷ್ಟು ಜನರ ಜೊತೆ ಜಗಳವಾಡಿದವನು ಮನೆಯಲ್ಲಿ ಒಬ್ಬಳ ಜೊತೆ ಹೇಗೆ ಬಾಳುತ್ತೀ ಎಂದು ಹಿಡಿದುಕೊಂಡರು. ಗಲಾಟೆಗೆ ಆಡು ಎದ್ದು ಒಮ್ಮೆ ಇಬ್ಬರನ್ನೂ ನೋಡಿ ಮತ್ತೆ ಮಲಗಿತು. ನಾನು ಪುಟ ತಿರುಗಿಸುತ್ತ ಅವರು ಎಲ್ಲಿದ್ದಾರೆಂದು ಹುಡುಕಿದೆ, ಎಲ್ಲೂ ಇರಲಿಲ್ಲ. ಪ್ರತಿ ಮುಚ್ಚಿ ನಿಂತು ನಕ್ಕೆ. ಪ್ರಾಂಪ್ಟರ್ ಆ ಜಾಗದಲ್ಲಿ ನಿಂತು ನಗಬಾರದು ಎಂಬ ನಿಯಮವಿದೆ, ನೀವು ಪಾಲಿಸಿ. ಹೆಣ್ಣು ಮತ್ತೆ ಒಲ್ಲೆ ಎಂದಾಗ ಪ್ರದೀಪ ಕೆಮ್ಮಲಿಲ್ಲ, ಕತ್ತು ಓರೆ ಮಾಡಲಿಲ್ಲ. ಇಳಿಯಬೇಕಾದ ಊರು ದಾಟಿಹೋದವನ ಹಾಗೆ ನಿಂತ. ಅಲ್ಲಿಯವರೆಗೆ ನಗುತ್ತಿದ್ದ ಸಭೆ ಗಪ್ಪಾಯಿತು. ನಾನೂ ಬಾಯಿ ತೆರೆಯಲಿಲ್ಲ.

ಮರುದಿನ ಆ ಬಾಗಿಲನ್ನು ಗರಗಸ ಹಾಕಿ ಕೊಯ್ದೇ ಬಿಚ್ಚಬೇಕಾಯಿತು ಎಂದು ಕೇಳಿದೆ.

ಆಟ ಮುಗಿದು ಇಡ್ಲಿ ತಿನ್ನುತ್ತಿದ್ದಾಗ ಗಣಪತಿ ಬಂದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಇದೇ ನೋಡಿ ನಿಜವಾದ ಹಳೆಯ ಅಣ್ಣಪ್ಪ, ಸಣ್ಣವನಿದ್ದಾಗ ನೋಡಿದ ಹಾಗೆಯೇ ಇತ್ತು ಎಂದರು. ಮುಂದಿನ ತಿಂಗಳು ಮತ್ತೆ ಹೊಸನಗರದಲ್ಲಿ ಇದೇ ಆಟ ಆಗಬೇಕು, ಒಂದಕ್ಷರ ಬದಲಾಗಬಾರದು. ಬಾಗಿಲು ಬೀಳಬಾರದು, ಆಡು ಮಲಗಬೇಕು, ತಿಮ್ಮಪ್ಪ ಯಜಮಾನರು ಸಿಟ್ಟಿನಲ್ಲಿ ಎದ್ದು ರಂಗ ಹತ್ತಬೇಕು. ಬ್ಯಾನರಿಗೆ ಆಗಲೇ ಹೇಳಿದ್ದರು. ವಸುಧಾ ನನ್ನ ಮುಖ ನೋಡಿದಳು. ನಾನು ಇಡ್ಲಿ ನೋಡಿದೆ.

ಕಾರಿನಲ್ಲಿ ಸಾಗರಕ್ಕೆ ಹೊರಟೆವು. ವಸುಧಾ ಓಡಿಸುತ್ತಿದ್ದಳು, ಪಕ್ಕದಲ್ಲಿ ತಿಮ್ಮಪ್ಪಣ್ಣ, ಹಿಂದೆ ನಾನು. ಊರು ದಾಟಿ ಕಾಡು ಶುರುವಾಯಿತು. ಏನಾದರೂ ದಾಟಿಸಬೇಕಾಗಬಹುದು ಎಂದು ನಾನು ಮುಂದಕ್ಕೆ ಬಾಗಿ ಕೂತಿದ್ದೆ. ಬೇಕಾಗಲಿಲ್ಲ.

"ವಸೂ, ನಾನು ಅಣ್ಣಪ್ಪನ್ನ ನೋಡೇ ಇರ್ಲಿಲ್ಲ ಕಣೆ" ಎಂದರು ತಿಮ್ಮಪ್ಪಣ್ಣ. "ಇಷ್ಟು ವರ್ಷ ಅವನ ಒಳಗೇ ಇದ್ದೆನಲ, ನೋಡದು ಹೆಂಗೆ? ಇವತ್ತೇ ಕಂಡಿದ್ದು. ಪಾಪದವನು ಅಂವ. ಜನ ಎಂತಕ್ಕೆ ಬರ್ತಿದ್ರು ಅಂತ ಈಗ ಗೊತ್ತಾತು."

ವಸುಧಾ ಕಾರು ನಿಧಾನ ಮಾಡಿದಳು. ಹೊಸನಗರದ ಆಟಕ್ಕೆ ಬರ್ತೀರಾ ಅಪ್ಪಯ್ಯ ಎಂದು ಕೇಳಿದಳು.

"ಬರ್ತೀನಿ. ಆದ್ರೆ ಮೇಲೆ ಹತ್ತಲ್ಲ, ಗಣಪತಿಗೆ ಹೇಳಿಬಿಡು" ಎಂದರು ಅವರು. "ಕೆಳಗೇ ಕೂರ್ತೀನಿ. ಮೇಲಿಂದ ಸರಿಯಾಗಿ ಕಾಣಲ್ಲ."